ಕನ್ನಡ ನಾಡಿನಲ್ಲಿ ಆರ್ತಸೇವೆ: ಅದರ ಚರಿತ್ರೆಯೂ ನಮ್ಮ ಕರ್ತವ್ಯವೂ

ಶ್ರೀಮಠದ ಮಹೋತ್ಸವದ ಈ ಶುಭಸಮಯದಲ್ಲಿ ಗುರುಪರಂಪರೆಯ ಮಹಿಮೆಯನ್ನೂ ಪೀಠದ ಇತಿಹಾಸವನ್ನೂ ವಿವರಿಸಬಲ್ಲ ವಿದ್ವಾಂಸರು ಅನೇಕರಿರುವರು. ಆ ಮಹತ್ಕಾರ್ಯವನ್ನು ಅವರಿಗೇ ಬಿಟ್ಟು, ಭಕ್ತರ ಮನೆಮನೆಗೂ ಸಂಬಂಧಿಸಿದ ಒಂದು ಸಾಮಾನ್ಯ ವಿಷಯವನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ. ರೋಗಿಗೆ ಔಷಧ, ಬಸುರಿ ಬಾಣಂತಿಯರಿಗೆ ಆರೈಕೆ, ಅಂಗವಿಕಲರಿಗೆ ಆಶ್ರಯ, ಕಲಹದಿಂದ ನೊಂದ ಕುಟುಂಬಕ್ಕೆ ರಕ್ಷಣೆ, ಇವೆಲ್ಲವನ್ನೂ ಆರ್ತಸೇವೆಯೆಂಬ ಒಂದೇ ಹೆಸರಿನಿಂದ ಕರೆಯಬಹುದು. ಈ ಸೇವೆಯು ನಮ್ಮ ನಾಡಿನಲ್ಲಿ ಹೇಗೆ ಬೆಳೆದು ಬಂದಿತು, ಬೆಳೆದ ಮೇಲೂ ಅದು ಬೇಕಾದವರ ಕೈಗೆ ಅನೇಕ ವೇಳೆ ದೊರೆಯದೆ ಹೋಗುವುದೇಕೆ, ಈ ಕೊರತೆಯನ್ನು ನೀಗುವುದರಲ್ಲಿ ಮಠವೂ ಭಕ್ತರೂ ಮಾಡತಕ್ಕದ್ದೇನು, ಎಂಬ ಮೂರು ಪ್ರಶ್ನೆಗಳಿಗೆ ಚರಿತ್ರೆಯೇ ಕೊಡುವ ಉತ್ತರವನ್ನು ಯಥಾಮತಿಯಾಗಿ ಸಂಗ್ರಹಿಸಿರುವೆನು.

ಮಠವೆಂದರೆ ಜಪ, ಪೂಜೆ, ಪಾಠಪ್ರವಚನಗಳ ಸ್ಥಾನವೆಂದಷ್ಟೇ ನಮ್ಮ ಹಿರಿಯರು ತಿಳಿದಿರಲಿಲ್ಲ. ಶಿವಮೊಗ್ಗೆ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಪ್ರಭುದೇವರ ಜನ್ಮಭೂಮಿಯೆಂದು ಪರಂಪರೆಯಿಂದ ಪ್ರಸಿದ್ಧವಾಗಿರುವುದಷ್ಟೆ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠದ ವರ್ಣನೆಯುಳ್ಳ ಕ್ರಿ. ಶ. 1162ರ ಶಾಸನವೊಂದನ್ನು ರೈಸ್ ಮಹಾಶಯರು ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟದಲ್ಲಿ ಪ್ರಕಟಿಸಿರುವರು. ಆ ಮಠವು ವೇದ, ವ್ಯಾಕರಣ, ದರ್ಶನಗಳ ವ್ಯಾಖ್ಯಾನಕ್ಕೆ ನೆಲೆಯಾಗಿದ್ದಂತೆಯೇ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ನಿತ್ಯಾನ್ನದಾನ ಮಾಡುವ ಸ್ಥಾನವೂ, ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಾನವೂ ಆಗಿದ್ದಿತೆಂದು ಶಾಸನವು ಹೇಳುತ್ತದೆ. ಅದು ಕಾಳಾಮುಖ ಶೈವರ ಮಠ, ನಮ್ಮ ಪರಂಪರೆಯದಲ್ಲ. ಆದರೂ ಕಲ್ಯಾಣದಲ್ಲಿ ಬಿಜ್ಜಳನು ಆಳುತ್ತಿದ್ದು, ಬಸವಣ್ಣನವರ ಮಹಾಮನೆಯು ದಾಸೋಹದಿಂದ ಕೀರ್ತಿಗೊಂಡಿದ್ದ ಕಾಲವೂ ಅದೇ ಆಗಿರುವುದನ್ನು ಗಮನಿಸಬೇಕು. ಅನ್ನ, ವಿದ್ಯೆ, ಔಷಧ ಇವು ಮೂರೂ ಒಂದೇ ಸೂರಿನಡಿಯಲ್ಲಿರಬೇಕೆಂಬುದು ಆ ಯುಗದ ಧಾರ್ಮಿಕ ಬುದ್ಧಿಗೆ ಸಹಜವಾಗಿ ತೋರಿದ ಮಾತು.

ಶರಣರು ಈ ಭಾವನೆಯನ್ನು ಮತ್ತೊಂದು ಹೆಜ್ಜೆ ಮುಂದಕ್ಕೆ ನಡೆಸಿದರು. ವೈದ್ಯವೃತ್ತಿಯನ್ನು ಕಾಯಕವಾಗಿ ಕೈಕೊಂಡ ವೈದ್ಯ ಸಂಗಣ್ಣನು ಶರಣರ ಸಾಲಿನಲ್ಲಿ ವಚನಕಾರನಾಗಿ ಗೌರವವನ್ನು ಪಡೆದಿರುವನು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಜನಹಿತಕ್ಕಾಗಿ ಕೆರೆಯನ್ನು ಕಟ್ಟಿಸಿದರು. ಇದಕ್ಕೂ ಹೆಚ್ಚಿನದು ಸ್ಥಾವರ ಜಂಗಮಗಳ ವಿವೇಚನೆ. ದೇವಾಲಯವು ನಿಂತಲ್ಲಿಯೇ ನಿಲ್ಲುವುದು. ಭಕ್ತನು ಅಲ್ಲಿಗೆ ಹೋಗಬೇಕು. ಜಂಗಮನಾದರೋ ಭಕ್ತನ ಮನೆಯ ಬಾಗಿಲಿಗೆ ತಾನೇ ಬರುವನು. ಊರೂರು ತಿರುಗುವ ಚರಮೂರ್ತಿಗೆ ಯಾವ ಮನೆಯಲ್ಲಿ ಮಗು ಹಾಸಿಗೆ ಹಿಡಿದಿದೆ, ಯಾವ ಮನೆಯಲ್ಲಿ ಅತ್ತೆ ಸೊಸೆಯರು ಮಾತು ಬಿಟ್ಟಿರುವರು, ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ, ಎಂಬುದು ಕೇಳದೆಯೇ ತಿಳಿಯುತ್ತಿದ್ದಿತು. ಆರ್ತಸೇವೆಗೂ ಇದೇ ರೀತಿಯಾಗಿ ಎರಡು ರೂಪಗಳುಂಟು. ಆಸ್ಪತ್ರೆ, ಕಚೇರಿ, ಆಶ್ರಮ ಇವು ಅದರ ಸ್ಥಾವರ ರೂಪ. ಅವುಗಳಿಗೂ ಮನೆಗೂ ನಡುವೆ ನಡೆದಾಡುವ ಮನುಷ್ಯನು ಅದರ ಜಂಗಮ ರೂಪ. ಮೊದಲನೆಯದು ಇದ್ದು ಎರಡನೆಯದು ಇಲ್ಲದ ಕಡೆಯಲ್ಲಿ ಏನಾಗುವುದೆಂಬುದನ್ನು ಮುಂದಿನ ಚರಿತ್ರೆಯು ಸ್ಪಷ್ಟಪಡಿಸುವುದು.

ಹತ್ತೊಂಬತ್ತನೆಯ ಶತಮಾನದ ಪ್ರಾರಂಭದಲ್ಲಿ ಸಿಡುಬಿಗೆ ದೇವಿ ಹಾಕುವ ಹೊಸ ಕ್ರಮವು ನಮ್ಮ ನಾಡಿಗೆ ಬಂದಿತು. ಜನರು ಅದನ್ನು ಕಂಡು ಹೆದರಿದುದು ಆಶ್ಚರ್ಯವಲ್ಲ. ಮೈಸೂರಿನಲ್ಲಿ 1806ರಲ್ಲಿ ಅರಮನೆಯ ಚಿಕ್ಕ ರಾಣಿಯವರಿಗೇ ದೇವಿ ಹಾಕಿಸಿ, ಹಿರಿಯ ರಾಣಿ ಲಕ್ಷ್ಮಮ್ಮಣ್ಣಿಯವರು ಪ್ರಜೆಗಳಿಗೆ ಮೇಲ್ಪಂಕ್ತಿಯನ್ನು ಹಾಕಿಕೊಟ್ಟರು. ಆಜ್ಞೆಯಿಂದ ಆಗದ ಕೆಲಸವು ನಂಬಿಕೆಯಿಂದ ಸುಲಭವಾಯಿತು. ಆದರೆ ತೊಂಬತ್ತು ವರ್ಷಗಳ ತರುವಾಯ ಈ ಪಾಠವು ಮರೆತು ಹೋದಂತೆ ಕಾಣುತ್ತದೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಜಾಡ್ಯವು ಕ್ರಮವಾಗಿ ಕನ್ನಡ ಜಿಲ್ಲೆಗಳಿಗೂ, 1898ರಲ್ಲಿ ಬೆಂಗಳೂರಿಗೂ ಹಬ್ಬಿತು. ಆಗಿನ ಸರಕಾರವು 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿ, ಮನೆಗಳನ್ನು ಶೋಧಿಸುವ, ರೋಗಿಗಳನ್ನು ಬೇರ್ಪಡಿಸಿ ಊರ ಹೊರಗಿನ ಗುಡಿಸಲುಗಳಿಗೆ ಸಾಗಿಸುವ ಅಧಿಕಾರವನ್ನು ಪಡೆಯಿತು. ಉದ್ದೇಶವು ರೋಗನಿವಾರಣೆಯೇ ಆಗಿದ್ದರೂ ಕ್ರಮವು ಕ್ರೂರವಾಗಿದ್ದಿತು. ಸಿಪಾಯಿಗಳು ಅಡಿಗೆಮನೆ ದೇವರಮನೆಗಳನ್ನು ಹೊಕ್ಕು ಶೋಧಿಸುವುದನ್ನು ಕಂಡ ಜನರು ರೋಗಿಗಳನ್ನು ಬಚ್ಚಿಡತೊಡಗಿದರು. ಸತ್ತವರನ್ನು ಗುಟ್ಟಾಗಿ ಮಣ್ಣುಮಾಡತೊಡಗಿದರು. ಪುಣೆಯಲ್ಲಿ ಈ ಅಸಮಾಧಾನವು 1897ರ ಜೂನ್ 22ರಂದು ಪ್ಲೇಗಿನ ಅಧಿಕಾರಿಯಾದ ರ್ಯಾಂಡ್‌ನ ಮೇಲೆ ಗುಂಡು ಹಾರಿಸುವ ಮಟ್ಟಕ್ಕೆ ಹೋಯಿತು. ಸೇವೆಯನ್ನು ಹುಡುಕಿಕೊಂಡು ಬರಬೇಕಾಗಿದ್ದ ಜನರು ಸೇವೆಯಿಂದ ತಪ್ಪಿಸಿಕೊಂಡು ಓಡುವಂತಾಯಿತು.

ಇದಕ್ಕೆ ಪ್ರತಿಯಾದ ದೃಷ್ಟಾಂತವು ನಮ್ಮ ಹುಬ್ಬಳ್ಳಿಯಲ್ಲಿಯೇ ದೊರೆಯುವುದು. ಹಾಫ್‌ಕಿನ್ ಎಂಬ ಶಾಸ್ತ್ರಜ್ಞರು 1897ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯ ಜನರಿಗೆ ಹಾಕಲಾಯಿತು. ಸುಮಾರು 50,000 ಜನಸಂಖ್ಯೆಯಿದ್ದ ಆ ಪಟ್ಟಣದಲ್ಲಿ 30,000ಕ್ಕೂ ಹೆಚ್ಚು ಮಂದಿ ಲಸಿಕೆಯನ್ನು ಹಾಕಿಸಿಕೊಂಡರು. ಒಂದೇ ರೋಗ, ಒಂದೇ ಪ್ರಾಂತ, ಒಂದೇ ಸರಕಾರ. ಒಂದು ಊರಿನಲ್ಲಿ ಜನರು ಬಾಗಿಲು ಮುಚ್ಚಿದರು. ಇನ್ನೊಂದು ಊರಿನಲ್ಲಿ ತೋಳು ಚಾಚಿದರು. ಸೇವೆಗೆ ಸಾಧನವೆಷ್ಟು ಮುಖ್ಯವೋ ವಿಶ್ವಾಸವೂ ಅಷ್ಟೇ ಮುಖ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಈ ವಿಪತ್ತಿನ ಕಾಲದಲ್ಲಿಯೇ ಸ್ಥಾವರ ರೂಪದ ಸೇವಾಸಂಸ್ಥೆಗಳು ಒಂದೊಂದಾಗಿ ತಲೆಯೆತ್ತಿದುವು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1897ರಲ್ಲಿ ಅಸ್ತಿಭಾರವನ್ನು ಹಾಕಿದರು. ಅದು 1900ರಲ್ಲಿ ತೆರೆಯಲ್ಪಟ್ಟಿತು. ಮೈಸೂರಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ಮಿಷನ್ ಆಸ್ಪತ್ರೆಯು 1906ರಲ್ಲಿ ಪ್ರಾರಂಭವಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯು 1935ರಲ್ಲಿ ಸ್ಥಾಪಿತವಾಯಿತು. ಸಂತಾನ ನಿಯಂತ್ರಣದ ಮಾತನ್ನೆತ್ತುವುದಕ್ಕೇ ಲೋಕವು ಸಂಕೋಚಪಡುತ್ತಿದ್ದ 1930ರಲ್ಲಿಯೇ ಮೈಸೂರು ಸರಕಾರವು ತನ್ನ ಆಸ್ಪತ್ರೆಗಳಲ್ಲಿ ಆ ಬಗೆಗೆ ಸಲಹೆಯನ್ನು ಕೊಡುವ ಚಿಕಿತ್ಸಾಲಯಗಳಿಗೆ ಅನುಮತಿಯಿತ್ತಿತು. ಅದೇ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಸಹಾಯದಿಂದ ಕ್ಲೋಸ್‌ಪೇಟೆಯಲ್ಲಿ, ಎಂದರೆ ಈಗಿನ ರಾಮನಗರದಲ್ಲಿ, ಸುತ್ತಲಿನ ಹಳ್ಳಿಗಳಿಗಾಗಿ ಆರೋಗ್ಯ ಘಟಕವೊಂದು ಏರ್ಪಟ್ಟಿತು. ರೋಗಿಯು ಬರುವವರೆಗೆ ಕಾಯದೆ ಹಳ್ಳಿಗೇ ಹೋಗಿ ರೋಗವನ್ನು ತಡೆಯಬೇಕೆಂಬುದೇ ಅದರ ತತ್ತ್ವ.

ಇದೇ ಕಾಲದಲ್ಲಿ ನಮ್ಮ ಸಮಾಜದಲ್ಲಿಯೂ ಒಂದು ನವಚೈತನ್ಯವು ಮೂಡಿದ್ದಿತು. ಹಾನಗಲ್ಲ ಕುಮಾರ ಮಹಾಸ್ವಾಮಿಗಳು 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದುದು ಭಕ್ತರೆಲ್ಲರಿಗೂ ತಿಳಿದಿರುವ ವಿಷಯ. ಕಣ್ಣಿಲ್ಲದ ಬಾಲಕನೊಬ್ಬನನ್ನು ಅವರು ಕೈಹಿಡಿದು ಸಂಗೀತವನ್ನು ಕಲಿಸಿದುದು ಅದಕ್ಕಿಂತ ಕಿರಿದಾದ ಕಾರ್ಯವಲ್ಲ. ಆ ಬಾಲಕರೇ ಮುಂದೆ ಪಂಚಾಕ್ಷರಿ ಗವಾಯಿಗಳಾಗಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಮ್ಮಂತೆಯೇ ಇದ್ದ ಅಂಧರಿಗೂ ಅನಾಥರಿಗೂ ಅನ್ನವನ್ನೂ ಸಂಗೀತವಿದ್ಯೆಯನ್ನೂ ನೀಡಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಪುಟ್ಟರಾಜ ಗವಾಯಿಗಳು 2010ರವರೆಗೂ ಆ ಕಾಯಕವನ್ನು ಮುಂದುವರಿಸಿದರು. ಸುತ್ತೂರು ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1954ರಲ್ಲಿ ಸ್ಥಾಪಿಸಿದ ವಿದ್ಯಾಪೀಠವು ವೈದ್ಯಶಿಕ್ಷಣದವರೆಗೂ ಹಬ್ಬಿತು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳ ದಾಸೋಹದಲ್ಲಿ ಜಾತಿಭೇದವಿಲ್ಲದೆ ಸಹಸ್ರಾರು ಬಡಮಕ್ಕಳು ಉಂಡು ಓದಿದರು. ಅಂಧನಾದ ಮಗನನ್ನು ಏನು ಮಾಡುವುದೆಂದು ತಿಳಿಯದ ತಾಯಿಗೆ, ಓದಿಸಲಾರದ ಬಡ ತಂದೆಗೆ, ಮಠವೇ ಕುಟುಂಬರಕ್ಷಣೆಯ ಸಂಸ್ಥೆಯಾಗಿದ್ದಿತು. ಆ ಹೆಸರು ಮಾತ್ರ ಆಗ ಇರಲಿಲ್ಲ.

ಸ್ವಾತಂತ್ರ್ಯಕ್ಕೆ ಮುಂಚಿನ ವರ್ಷದಲ್ಲಿ, ಎಂದರೆ 1946ರಲ್ಲಿ, ಭೋರ್ ಸಮಿತಿಯು ತನ್ನ ವರದಿಯನ್ನು ಒಪ್ಪಿಸಿತು. ಹಣ ಕೊಡಲಾರದವನಿಗೂ ಚಿಕಿತ್ಸೆಯು ತಪ್ಪಕೂಡದು, ವೈದ್ಯಸೇವೆಯು ಜನರಿರುವ ಸ್ಥಳಕ್ಕೆ ಸಮೀಪವಾಗಿರಬೇಕು, ಎಂಬುದು ಅದರ ಸಾರ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಪ್ರಾರಂಭವಾದುವು. ಬಯಲುಸೀಮೆಯಲ್ಲಿ 30,000 ಜನರಿಗೂ ಗುಡ್ಡಗಾಡಿನಲ್ಲಿ 20,000 ಜನರಿಗೂ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಕೆಳಗೆ 5,000 ಅಥವಾ 3,000 ಜನರಿಗೊಂದು ಉಪಕೇಂದ್ರ, ಎಂಬ ಪ್ರಮಾಣವು ತರುವಾಯ ರೂಢಿಗೆ ಬಂದಿತು. ಉಪಕೇಂದ್ರದ ಆರೋಗ್ಯ ಸಹಾಯಕಿಯನ್ನು ಜನರು ನರ್ಸಮ್ಮನೆಂದು ಕರೆಯುವರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಶಿಶು ಅಭಿವೃದ್ಧಿ ಯೋಜನೆಯು ಪ್ರಾರಂಭವಾದಾಗ ಕರ್ನಾಟಕದಲ್ಲಿ ತಿರುಮಕೂಡಲು ನರಸೀಪುರವು ಅದರ ಮೊದಲ ಕ್ಷೇತ್ರವಾಯಿತು. ಇಂದು ಊರೂರಿನಲ್ಲಿಯೂ ಕಾಣುವ ಅಂಗನವಾಡಿಯ ಮೂಲವು ಅದೇ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನವು ಸುಮಾರು 1,000 ಜನರಿಗೆ ಒಬ್ಬಳಂತೆ ಅದೇ ಊರಿನ ಹೆಣ್ಣುಮಗಳೊಬ್ಬಳನ್ನು ಆಶಾ ಕಾರ್ಯಕರ್ತೆಯಾಗಿ ನೇಮಿಸುವ ಕ್ರಮವನ್ನು ತಂದಿತು. ಮನೆಮನೆಗೆ ನಡೆದು ಬಸುರಿಯರನ್ನು ಗುರುತಿಸಿ, ಹೆರಿಗೆಗೆ ಜೊತೆಯಲ್ಲಿ ಹೋಗುವ ಈ ಹೆಣ್ಣುಮಗಳು ನಾನು ಹಿಂದೆ ಹೇಳಿದ ಸೇವೆಯ ಜಂಗಮ ರೂಪವಲ್ಲದೆ ಮತ್ತೇನು?

ಈ ಜಂಗಮ ರೂಪಕ್ಕೆ ಎಷ್ಟು ಬಲವಿದೆಯೆಂಬುದಕ್ಕೆ ಕರ್ನಾಟಕದ ಎರಡು ಪ್ರಯತ್ನಗಳನ್ನು ಉದಾಹರಿಸಬಹುದು. ಮೊದಲನೆಯದು ಯಳಂದೂರಿನದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಸೇವೆಯನ್ನು ಕೈಕೊಂಡಿದ್ದ ವೈದ್ಯ ಎಚ್. ಸುದರ್ಶನರು 1986ರಲ್ಲಿ ಕರುಣಾ ಟ್ರಸ್ಟನ್ನು ಸ್ಥಾಪಿಸಿ, ಆ ತಾಲ್ಲೂಕಿನ ಕುಷ್ಠರೋಗದ ನಿವಾರಣೆಗೆ ತೊಡಗಿದರು. ಕುಷ್ಠಕ್ಕೆ ಔಷಧವಿದ್ದರೂ ನಾಚಿಕೆಯೆಂಬ ಇನ್ನೊಂದು ರೋಗಕ್ಕೆ ಔಷಧವಿರಲಿಲ್ಲ. ಮಚ್ಚೆ ಕಂಡೊಡನೆ ಮುಚ್ಚಿಕೊಳ್ಳುವವರನ್ನು ಮನೆಯವರೆಗೆ ಹೋಗಿ ಹುಡುಕಬೇಕಾಗಿದ್ದಿತು. ಎರಡನೆಯದು ಬಳ್ಳಾರಿ ಜಿಲ್ಲೆಯದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದ ಮಧ್ಯಭಾಗದಲ್ಲಿ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಿ ಔಷಧ ಕೊಡುವ ಶಿಕ್ಷಣವನ್ನಿತ್ತರು. ದೂರದ ದೊಡ್ಡಾಸ್ಪತ್ರೆಗೆ ಹೋಗಬೇಕಾಗಿದ್ದ ರೋಗಿಯು ತನ್ನ ಊರ ಸಮೀಪದಲ್ಲಿಯೇ ಗುಣಹೊಂದುವಂತಾಯಿತು. 1996ರಲ್ಲಿ ದೇಶದಲ್ಲಿ ಪ್ರಾರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯ ಈ ಪದ್ಧತಿಯೇ ಮಾದರಿಯಾಯಿತು.

ಹಾಗಾದರೆ ಇಂದು ಕೊರತೆಯೇನು? ಸೇವೆಗಳು ಮೊದಲಿಗಿಂತ ಹೆಚ್ಚಾಗಿವೆ. ಆದರೆ ಅವು ಹಲವು ಇಲಾಖೆಗಳಲ್ಲಿ ಹರಿದು ಹಂಚಿಹೋಗಿರುವುದರಿಂದ, ಕಷ್ಟ ಬಂದ ಗಳಿಗೆಯಲ್ಲಿ ಯಾವ ಬಾಗಿಲನ್ನು ತಟ್ಟಬೇಕೆಂಬುದು ಮನೆಯವರಿಗೆ ಹೊಳೆಯುವುದಿಲ್ಲ. ಆದುದರಿಂದ ಮುಖ್ಯವಾದ ಕೆಲವನ್ನು ಇಲ್ಲಿ ಹೇಳಿದರೆ ಅಪ್ರಸ್ತುತವಾಗಲಾರದು. ಮೈಯ ರೋಗಕ್ಕೂ ಬಸುರಿ ಬಾಣಂತಿಯರ ಆರೈಕೆಗೂ ಆಶಾ ಕಾರ್ಯಕರ್ತೆ ಅಥವಾ ನರ್ಸಮ್ಮನೇ ಮೊದಲ ಬಾಗಿಲು. ತುರ್ತಿನ ವಾಹನಕ್ಕೆ 2008ರಿಂದ 108 ಎಂಬ ಸಂಖ್ಯೆಯಿದೆ. ಹೆಚ್ಚಿನ ವೆಚ್ಚದ ಚಿಕಿತ್ಸೆಗೆ 2018ರಲ್ಲಿ ಪ್ರಾರಂಭವಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯುಂಟು. ಪಡಿತರ ಚೀಟಿ, ಆಧಾರ್ ಚೀಟಿಗಳೊಡನೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ ವಿಚಾರಿಸುವುದು ಕ್ರಮ. ಮನಸ್ಸಿನ ವ್ಯಾಧಿಗೆ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರ್ 10ರಂದು ಪ್ರಾರಂಭವಾದ ಟೆಲಿ-ಮಾನಸ್ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ದೊರೆಯುವುದು. ಅಂಗವಿಕಲರಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ದಾರಿ ತೋರುವರು.

ಕುಟುಂಬದ ಕಷ್ಟಗಳಿಗೂ ಬಾಗಿಲುಗಳುಂಟು. ಮನೆಯೊಳಗೆ ಹಿಂಸೆಗೆ ಗುರಿಯಾದ ಹೆಣ್ಣುಮಕ್ಕಳ ರಕ್ಷಣೆಗಾಗಿ 2005ರಲ್ಲಿ ಆದ ಕಾಯಿದೆಯು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಇದರಲ್ಲಿ ರಕ್ಷಣಾಧಿಕಾರಿಗಳು. ನೊಂದವಳೇ ಹೋಗಿ ದೂರಬೇಕೆಂಬ ನಿಯಮವಿಲ್ಲ. ಹಿಂಸೆ ನಡೆದಿದೆಯೆಂದು ನಂಬಲು ಕಾರಣವಿರುವ ಯಾರೇ ಆದರೂ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರನ್ನು ಕಾಯಿದೆಯು ಹೊಣೆಗಾರರನ್ನಾಗಿ ಮಾಡುವುದಿಲ್ಲ. ಹೆಣ್ಣುಮಕ್ಕಳಿಗೆ 181, ಮಕ್ಕಳಿಗೆ 1098, ವೃದ್ಧರಿಗೆ 14567 ಎಂಬ ಸಹಾಯವಾಣಿಗಳುಂಟು. ಮಕ್ಕಳಿಂದ ಉಪೇಕ್ಷಿತರಾದ ತಂದೆತಾಯಿಗಳು 2007ರ ಕಾಯಿದೆಯಂತೆ ಉಪವಿಭಾಗಾಧಿಕಾರಿಗಳ ಮುಂದೆ ಜೀವನಾಂಶಕ್ಕೆ ಅರ್ಜಿ ಕೊಡಬಹುದು. ತಾಲ್ಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಿಂದ ಹೆಂಗಸರೂ ಮಕ್ಕಳೂ ಅಂಗವಿಕಲರೂ ವಕೀಲರ ಸಹಾಯವನ್ನು ಉಚಿತವಾಗಿ ಪಡೆಯಬಹುದು.

ಇಷ್ಟೆಲ್ಲ ಬಾಗಿಲುಗಳಿದ್ದರೂ ನಮ್ಮ ಭಕ್ತರು ಮೊದಲು ಬರುವುದು ಮಠದ ಬಾಗಿಲಿಗೇ. ಇದು ನಮ್ಮ ಹೆಮ್ಮೆ, ಇದೇ ನಮ್ಮ ಹೊಣೆ. ಮಗನಿಗೆ ಬುದ್ಧಿ ಕೆಟ್ಟಿದೆಯೆಂದು ತಾಯಿಯೊಬ್ಬಳು ಶ್ರೀಗಳ ಪಾದಕ್ಕೆರಗಿದಾಗ ವಿಭೂತಿಯೂ ಆಶೀರ್ವಾದವೂ ಅವಳಿಗೆ ಧೈರ್ಯವನ್ನು ಕೊಡುವುವು. ಆ ಧೈರ್ಯದಿಂದ ಅವಳು ಮಗನನ್ನು ಕರೆದುಕೊಂಡು ವೈದ್ಯರ ಬಳಿಗೆ ಹೋದರೆ ಆಶೀರ್ವಾದವು ಸಫಲವಾಯಿತೆನ್ನಬೇಕು. ಅಲ್ಲಿಯೇ ತೃಪ್ತಳಾಗಿ ಔಷಧವನ್ನು ನಿಲ್ಲಿಸಿದರೆ ಹಾನಿಯಾಗುವುದು ಆ ಮಗನಿಗೆ. ಇನ್ನೊಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಗಂಡನ ಹೊಡೆತಕ್ಕೆ ಅಂಜಿ ಬಂದ ಹೆಣ್ಣುಮಗಳಿಗೆ, ಹೊಂದಿಕೊಂಡು ಹೋಗು ತಾಯಿ ಎಂದು ಊರ ಹಿರಿಯರು ಬುದ್ಧಿ ಹೇಳಿ ಹಿಂದಕ್ಕೆ ಕಳುಹಿಸುವ ರೂಢಿಯು ನಮ್ಮಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಮನೆ ಒಡೆಯಬಾರದೆಂಬುದು ಅವರ ಸದುದ್ದೇಶ. ಆದರೆ ಹೆಣ್ಣಿನ ಮೈಯೂ ಮನಸ್ಸೂ ಒಡೆದ ಮೇಲೆ ಉಳಿಯುವ ಮನೆ ಯಾವುದು? ಹೆಣ್ಣಿಗೆ ಅನುಭವ ಮಂಟಪದಲ್ಲಿ ಸಮಾನವಾದ ಆಸನವನ್ನಿತ್ತ ಪರಂಪರೆಯವರು ಅವಳ ಮಾತನ್ನು ಪೂರ್ತಿಯಾಗಿ ಕೇಳದೆ ತೀರ್ಪು ಹೇಳುವುದು ಸಲ್ಲದು.

ಆದುದರಿಂದ ಭಕ್ತವೃಂದದ ಮುಂದೆ ನನ್ನ ವಿಜ್ಞಾಪನೆಗಳು ಮೂರು. ಮೊದಲನೆಯದು, ಮೇಲೆ ಹೇಳಿದ ಬಾಗಿಲುಗಳ ವಿವರವನ್ನು ಪ್ರತಿಯೊಂದು ಶಾಖಾಮಠದ ದಾಸೋಹಮಂದಿರದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿಸತಕ್ಕದ್ದು. ಪ್ರಸಾದಕ್ಕೆ ಕುಳಿತವರು ಕೇಳದೆಯೇ ಓದಿಕೊಳ್ಳುವರು. ಎರಡನೆಯದು, ಶಿವಾನುಭವ ಗೋಷ್ಠಿಗಳಿಗೆ ಆಗಾಗ ಊರ ನರ್ಸಮ್ಮನನ್ನೂ ಆಶಾ ಅಂಗನವಾಡಿಗಳ ಕಾರ್ಯಕರ್ತೆಯರನ್ನೂ ಆದರದಿಂದ ಬರಮಾಡಿಕೊಳ್ಳತಕ್ಕದ್ದು. ಮಠದ ವೇದಿಕೆಯಲ್ಲಿ ಅವರಿಗೆ ದೊರೆತ ಗೌರವವು ಊರಿನಲ್ಲಿ ಅವರ ಮಾತಿಗೆ ಬೆಲೆಯನ್ನು ತರುವುದು. ಮೂರನೆಯದು, ಊರಿಗೆ ಇಬ್ಬರಂತೆ, ಒಬ್ಬ ಗಂಡಸೂ ಒಬ್ಬ ಹೆಂಗಸೂ, ಕಷ್ಟದಲ್ಲಿರುವವರ ಜೊತೆಯಲ್ಲಿ ಆಸ್ಪತ್ರೆಗೂ ಕಚೇರಿಗೂ ಹೋಗಿಬರುವ ಕಾಯಕವನ್ನು ವ್ರತವಾಗಿ ಹಿಡಿಯತಕ್ಕದ್ದು. ಅವರಿಗೆ ವೈದ್ಯಶಾಸ್ತ್ರವೂ ಬೇಡ, ಕಾಯಿದೆಯ ಪಾಂಡಿತ್ಯವೂ ಬೇಡ. ಬಾಗಿಲು ಯಾವುದೆಂಬ ತಿಳಿವಳಿಕೆ, ಕೇಳಿದುದನ್ನು ಇನ್ನೊಬ್ಬರ ಮುಂದೆ ಆಡದ ನಾಲಗೆ, ಚೀಟಿ ಬರೆಯಿಸಿ ಸರದಿಯಲ್ಲಿ ಕಾಯುವ ತಾಳ್ಮೆ, ಇವಿಷ್ಟಿದ್ದರೆ ಸಾಕು.

ಎಂಟು ಶತಮಾನಗಳಿಗೂ ಹಿಂದೆ ಬಳ್ಳಿಗಾವೆಯ ಮಠದಲ್ಲಿ ದಿಕ್ಕಿಲ್ಲದ ರೋಗಿಗೆ ಔಷಧವು ದೊರೆಯುತ್ತಿದ್ದಿತು. ಈಗ ಔಷಧವು ಆಸ್ಪತ್ರೆಯಲ್ಲಿದೆ, ರಕ್ಷಣೆಯು ಕಾಯಿದೆಯಲ್ಲಿದೆ. ಅವೆರಡನ್ನೂ ಮಠವೇ ಹೊಸದಾಗಿ ನಿರ್ಮಿಸಬೇಕಾಗಿಲ್ಲ. ನಿರ್ಮಿತವಾದುದರ ಬಳಿಗೆ ಆರ್ತರನ್ನು ಕೈಹಿಡಿದು ನಡೆಸುವುದೇ ಈ ಕಾಲದ ದಾಸೋಹ. ಶ್ರೀಮಠದ ಮಹೋತ್ಸವಕ್ಕಾಗಿ ಸೇರಿದ ಭಕ್ತರು ಊರಿಗೆ ಹಿಂದಿರುಗುವಾಗ ಈ ಕಾಯಕದ ಸಂಕಲ್ಪವನ್ನೂ ಪ್ರಸಾದದೊಡನೆ ಕೊಂಡೊಯ್ಯಲಿ; ಅದಕ್ಕೆ ಬೇಕಾದ ಕರುಣೆಯನ್ನೂ ಸ್ಥೈರ್ಯವನ್ನೂ ಗುರುಬಸವಾದಿ ಪ್ರಮಥರು ನಮಗೆಲ್ಲರಿಗೂ ದಯಪಾಲಿಸಲೆಂದು ಬೇಡಿಕೊಂಡು ಈ ಲೇಖನವನ್ನು ಮುಗಿಸುವೆನು.